ನಡುಗುವ ಕೈ, ತಡವಾಗುವ ಲೆಕ್ಕ

‘ಯಜಮಾನ್ರಿಗೆ ಕೈ ನಡುಗ್ತೈತೆ ಅಷ್ಟೇ ಸಾರ್, ತಲೆ ಮಾತ್ರ ಗಟ್ಟಿ ಐತೆ.’ ಪಾರ್ಕಿನ್‌ಸನ್ ಕಾಯಿಲೆಯವರ ಮನೆಯಲ್ಲಿ ಈ ಮಾತು ಕೇಳದೇ ಇರುವುದು ಅಪರೂಪ. ಹೇಳುವವರಿಗೆ ಅದರಲ್ಲಿ ಸಮಾಧಾನವೂ ಇದೆ, ಒಂದಿಷ್ಟು ಹೆಮ್ಮೆಯೂ ಇದೆ. ಇನ್ನೂರು ವರ್ಷದ ಹಿಂದೆ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ ಕೂಡ ಹೆಚ್ಚು ಕಡಿಮೆ ಇದನ್ನೇ ಹೇಳಿದ್ದರು. 1817ರಲ್ಲಿ ಅವರು ಬರೆದ ಪುಟ್ಟ ಪುಸ್ತಕದಲ್ಲಿ ಇದ್ದದ್ದು ಆರೇ ಆರು ರೋಗಿಗಳ ವಿವರ. ಅವರಲ್ಲಿ ಕೆಲವರನ್ನು ಬೀದಿಯಲ್ಲಿ ಕಂಡದ್ದಷ್ಟೇ. ಈ ಕಾಯಿಲೆ ಬುದ್ಧಿಯನ್ನು ಮುಟ್ಟುವುದಿಲ್ಲ ಎಂದು ಅವರು ಬರೆದರು. ಬೀದಿಯಲ್ಲಿ ನಡೆದುಹೋಗುವವನ ಬುದ್ಧಿ ಕಣ್ಣಿಗೆ ಕಾಣುವುದಾದರೂ ಹೇಗೆ? ಆ ಶತಮಾನ ಮುಗಿಯುವ ಮೊದಲೇ, ಕಾಯಿಲೆಗೆ ಪಾರ್ಕಿನ್‌ಸನ್ ಹೆಸರಿಟ್ಟ ಫ್ರಾನ್ಸಿನ ಶಾರ್ಕೊ, ಬುದ್ಧಿಯೂ ಮಸುಕಾಗುತ್ತದೆ ಎಂದು ಗುರುತಿಸಿದ್ದರು. ಆದರೂ ಮೊದಲಿನ ಮಾತೇ ಗಟ್ಟಿಯಾಗಿ ನಿಂತಿತು.

ಈಗ ಗೊತ್ತಿರುವುದು ಬೇರೆ. ಹಲವು ದೇಶಗಳ ಎಂಟು ಕೇಂದ್ರಗಳ 1,346 ಪಾರ್ಕಿನ್‌ಸನ್ ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟಿಸಿದರು. ಮರೆಗುಳಿತನ ಇಲ್ಲದವರೆಂದು ಎಣಿಸಿದ್ದ ಇವರಲ್ಲೇ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಯೋಚನೆ, ಗಮನ, ನೆನಪು ಇವುಗಳಲ್ಲಿ ಯಾವುದೋ ಒಂದು ಸಣ್ಣಗೆ ಕುಂದಿತ್ತು. ನಾರ್ವೆಯಲ್ಲಿ ಆಗಷ್ಟೇ ಕಾಯಿಲೆ ಪತ್ತೆಯಾಗಿ, ಇನ್ನೂ ಒಂದು ಮಾತ್ರೆಯನ್ನೂ ನುಂಗದವರನ್ನು ಪರೀಕ್ಷಿಸಿದಾಗಲೂ ಹೆಚ್ಚು ಕಡಿಮೆ ಐವರಲ್ಲಿ ಒಬ್ಬರಿಗೆ ಹಾಗಿತ್ತು. ಅಂದರೆ ಇದು ಕಾಯಿಲೆಯ ಕೊನೆಯ ಘಟ್ಟದಲ್ಲಿ ಮಾತ್ರ ಬರುವ ತೊಂದರೆ ಅಲ್ಲ. ವೈದ್ಯರು ಇದನ್ನು ಸೌಮ್ಯ ಅರಿವಿನ ಕುಂದು ಎನ್ನುತ್ತಾರೆ. ಯಾರಿಗೆ ಹಾಗೆನ್ನಬೇಕು ಎಂಬುದಕ್ಕೆ ಜಗತ್ತಿನ ತಜ್ಞರೆಲ್ಲ ಒಪ್ಪುವ ಮಾನದಂಡ ಬಂದದ್ದು 2012ರಲ್ಲಿ. ಮೊದಲಿದ್ದ ಹಾಗೆ ಈಗ ಇಲ್ಲ ಎಂಬುದು ರೋಗಿಗೋ ಮನೆಯವರಿಗೋ ವೈದ್ಯರಿಗೋ ಕಂಡಿರಬೇಕು. ಪರೀಕ್ಷೆಯಲ್ಲೂ ಅದು ತೋರಬೇಕು. ಆದರೆ ತನ್ನ ದಿನದ ಕೆಲಸವನ್ನು ರೋಗಿ ತಾನೇ ಮಾಡಿಕೊಳ್ಳುವಂತಿರಬೇಕು. ಇನ್ನೊಬ್ಬರ ಆಸರೆ ಇಲ್ಲದೆ ದಿನ ಸಾಗದು ಎಂಬ ಹಂತಕ್ಕೆ ಬಂದರೆ ಅದು ಮುಂದಿನ ಹಂತ, ಡಿಮೆನ್ಷಿಯಾ.

ನಮ್ಮ ಕಡೆ ಎಷ್ಟು ಜನರಿಗೆ ಇದು ಇರಬಹುದು? ಡಾ. ಎಂ. ಗೌರಿದೇವಿ ಅವರ ನೇತೃತ್ವದಲ್ಲಿ ನಿಮ್ಹಾನ್ಸ್ ತಂಡವು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ 1,02,557 ಜನರನ್ನು ವಿಚಾರಿಸಿತ್ತು. ಅದರ ಫಲಿತಾಂಶ 2004ರಲ್ಲಿ ಬಂತು. ಪಾರ್ಕಿನ್‌ಸನ್ ಬಗೆಯ ಕಾಯಿಲೆ ಲಕ್ಷಕ್ಕೆ 33 ಜನರಲ್ಲಿ ಕಂಡಿತ್ತು. ನಮ್ಮ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ಎರಡೂ ತಾಲ್ಲೂಕಿನ ಜನಸಂಖ್ಯೆ 2011ರ ಜನಗಣತಿಯ ಪ್ರಕಾರ ಸುಮಾರು ಐದು ಲಕ್ಷ. ಅದೇ ಲೆಕ್ಕ ಹಿಡಿದರೆ ನೂರೈವತ್ತರ ಮೇಲೆ ರೋಗಿಗಳು, ಅವರಲ್ಲಿ ನಲವತ್ತರ ಆಸುಪಾಸು ಜನರಿಗೆ ಈ ಕುಂದು. ಇದು ಕಾಗದದ ಮೇಲಿನ ಗುಣಾಕಾರ, ಇಲ್ಲಿ ಯಾರೂ ಎಣಿಸಿದ್ದಲ್ಲ. ಆ ಸಮೀಕ್ಷೆಯ ನಂತರ ನಮ್ಮಲ್ಲಿ ವಯಸ್ಸಾದವರ ಪ್ರಮಾಣ ಏರಿದೆ. ಈ ಕಾಯಿಲೆ ವಯಸ್ಸಿನ ಜೊತೆಗೇ ಏರುವಂಥದ್ದು. ಹಾಗಾಗಿ ನಿಜವಾದ ಸಂಖ್ಯೆ ಇದಕ್ಕಿಂತ ಕಡಿಮೆ ಇರಲಾರದು ಎಂದು ನನ್ನ ಅಂದಾಜು.

ಈ ಕುಂದು ಬಹಳ ಸಲ ಮರೆವಿನ ರೂಪದಲ್ಲಿ ಬರುವುದಿಲ್ಲ. ಮನೆಯವರ ಕಣ್ಣಿಗೆ ಬೀಳದೇ ಇರುವುದಕ್ಕೆ ಅದೇ ಮುಖ್ಯ ಕಾರಣ. ಮೊಮ್ಮಗಳ ಹೆಸರು ನೆನಪಿದೆ, ಎಂಬತ್ತರ ದಶಕದ ಬರ ನೆನಪಿದೆ, ಯಾವ ಹೊಲದ ಬದು ಎಲ್ಲಿಗೆ ಮುಗಿಯುತ್ತದೆ ಎಂಬುದೂ ನೆನಪಿದೆ. ಹಾಗಾದರೆ ತಲೆ ಗಟ್ಟಿ ಇದೆ ಎಂದೇ ಅರ್ಥವಲ್ಲವೇ? ಮೊಳಕಾಲ್ಮುರಿನ ರೇಷ್ಮೆ ಮಗ್ಗದ ಮುಂದೆ ಕೂತ ನೇಕಾರರೊಬ್ಬರನ್ನು ಊಹಿಸಿಕೊಳ್ಳಿ. ಸೀರೆಯ ಒಡಲಿಗೆ ಒಂದು ಲಾಳಿ, ಎರಡೂ ಅಂಚಿಗೆ ಬೇರೆ ಬಣ್ಣದ ಲಾಳಿ. ಒಡಲಿನ ನಡುವೆ ಇಷ್ಟಿಷ್ಟು ಎಳೆಗೊಮ್ಮೆ ಬುಟ್ಟಾ ಬರಬೇಕು. ಕಾಲು ತುಳಿಯುವುದು ಒಂದು ಲಯ, ಕೈ ಲಾಳಿ ದೂಡುವುದು ಇನ್ನೊಂದು ಲಯ, ತಲೆಯೊಳಗೆ ಎಳೆಗಳ ಎಣಿಕೆ ನಡೆಯುತ್ತಲೇ ಇರಬೇಕು. ನಲವತ್ತು ವರ್ಷ ನೇಯ್ದವರಿಗೆ ಇದು ಉಸಿರಾಡಿದಷ್ಟು ಸಲೀಸು, ಅವರು ಎಣಿಸುತ್ತಿದ್ದಾರೆ ಎಂಬುದೇ ಅವರಿಗೆ ಗೊತ್ತಿರುವುದಿಲ್ಲ. ಈಗ ಅವರು ಒಂದು ಬುಟ್ಟಾ ಮುಗಿಸಿ ಕೈ ನಿಲ್ಲಿಸುತ್ತಾರೆ. ನೇಯ್ದದ್ದರ ಮೇಲೆ ಬೆರಳಿಟ್ಟು ಮತ್ತೆ ಮೊದಲಿಂದ ಎಣಿಸುತ್ತಾರೆ. ಹೆಂಡತಿ ಒಳಗಿನಿಂದ ‘ಊಟಕ್ಕೆ ಬರ್ತೀರಾ?’ ಎಂದು ಕೂಗಿದರೆ ಮಗ್ಗವೇ ನಿಂತುಹೋಗುತ್ತದೆ. ಉತ್ತರ ಕೊಟ್ಟಾದ ಮೇಲೆ ಎಲ್ಲಿಗೆ ಬಿಟ್ಟಿದ್ದೆ ಎಂದು ಹುಡುಕಬೇಕು. ಒಂದು ದಿನ ಅಂಚಿನ ಲಾಳಿ ಅದಲು ಬದಲಾಗುತ್ತದೆ. ಸಾಹುಕಾರರು ಕೂಲಿ ಹಿಡಿಯುತ್ತಾರೆ. ಮನೆಯವರು ‘ಕೈ ನಡುಕ ಜಾಸ್ತಿ ಆಯ್ತು’ ಎನ್ನುತ್ತಾರೆ. ತಪ್ಪಿದ್ದು ಕೈ ಅಲ್ಲ. ಎರಡು ಕೆಲಸವನ್ನು ಒಟ್ಟಿಗೆ ಹಿಡಿದಿಡುವ, ಒಂದರಿಂದ ಇನ್ನೊಂದಕ್ಕೆ ಹೊರಳಿ ಮತ್ತೆ ಮೊದಲಿನದಕ್ಕೆ ಬರುವ ಶಕ್ತಿ ಸಡಿಲಾಗಿದೆ.

ಚಳ್ಳಕೆರೆಯ ಶೇಂಗಾ ವ್ಯಾಪಾರದಲ್ಲಿ ಇದೇ ಕುಂದು ಬೇರೆ ವೇಷದಲ್ಲಿ ಬರುತ್ತದೆ. ಚೀಲದ ತೂಕ ಕಳೆದು, ಹಮಾಲಿ ಮುರಿದು, ದರ ಹಾಕಿ, ಬಾಯಲ್ಲೇ ಬಾಬತ್ತು ಹೇಳುತ್ತಿದ್ದವರು ಕ್ಯಾಲ್ಕುಲೇಟರಿಗೆ ಕೈ ಹಾಕುತ್ತಾರೆ. ಅದರಲ್ಲೂ ಎರಡೆರಡು ಸಲ ಒತ್ತುತ್ತಾರೆ. ಬೆಳಗ್ಗೆ ರೊಪ್ಪದಿಂದ ಕುರಿ ಬಿಡುವಾಗ ಕಣ್ಣಲ್ಲೇ ಎಣಿಕೆ ಮುಗಿಸುತ್ತಿದ್ದ ಗೊಲ್ಲರಹಟ್ಟಿಯ ಅಜ್ಜ, ಮೊಮ್ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಮೊಪೆಡ್ ಓಡಿಸುವವರಿಗೆ ಎದುರಿನ ಲಾರಿ ಎಷ್ಟು ದೂರದಲ್ಲಿದೆ ಎಂಬ ಅಂದಾಜು ತಪ್ಪುತ್ತದೆ. ಕಣ್ಣು ಸರಿ ಇರುತ್ತದೆ, ಕಂಡದ್ದರ ದೂರ, ಜಾಗ, ಓರೆ ಇವನ್ನು ಹೊಂದಿಸಿಕೊಳ್ಳುವ ಕೆಲಸ ನಿಧಾನವಾಗಿರುತ್ತದೆ. ಬಳ್ಳಾರಿ ರಸ್ತೆಯಲ್ಲಿ ಇದು ತಮಾಷೆಯ ಮಾತಲ್ಲ. ಗಾಡಿಯ ಕೀಲಿ ಇಸಿದುಕೊಳ್ಳುವ ಜಗಳ ಯಾವ ಮಗನಿಗೂ ಇಷ್ಟವಿರುವುದಿಲ್ಲ, ಆದರೆ ಆ ಜಗಳ ಆಡಲೇಬೇಕಾದದ್ದು.

ಹೆಂಗಸರಲ್ಲಿ ಇದು ಇನ್ನೂ ಅಡಗಿಕೊಳ್ಳುತ್ತದೆ. ಒಂದು ಒಲೆಯಲ್ಲಿ ಮುದ್ದೆಗೆ ಎಸರು, ಇನ್ನೊಂದರಲ್ಲಿ ಸಾರು, ನಡುವೆ ಹಾಲು ಉಕ್ಕದಂತೆ ಒಂದು ಕಣ್ಣು: ಅಡುಗೆಮನೆಯಲ್ಲಿ ನಿತ್ಯ ನಡೆಯುವ ಈ ಪರೀಕ್ಷೆಗಿಂತ ಕಠಿಣವಾದದ್ದನ್ನು ಯಾವ ಆಸ್ಪತ್ರೆಯೂ ಕೊಡುವುದಿಲ್ಲ. ಆದರೆ ಕೈ ನಡುಗಲು ಶುರುವಾದ ಕೂಡಲೇ ಸೊಸೆ ಬಂದು ‘ನೀವು ಕೂತ್ಕಳಿ ಅತ್ತೆ’ ಎಂದು ಸೌಟು ಇಸಿದುಕೊಳ್ಳುತ್ತಾಳೆ. ಅದು ಪ್ರೀತಿಯೇ. ಆದರೆ ಅತ್ತೆಗೆ ಏನು ಸಾಧ್ಯ, ಏನು ತಪ್ಪುತ್ತಿದೆ ಎಂಬುದು ಆ ದಿನದಿಂದ ಯಾರಿಗೂ ಗೊತ್ತಾಗುವುದಿಲ್ಲ.

ತಿರುಗಾಮುರುಗಾ ತಪ್ಪೂ ನಡೆಯುತ್ತದೆ. ಪಾರ್ಕಿನ್‌ಸನ್‌ನಲ್ಲಿ ಮುಖದ ಸ್ನಾಯುಗಳು ಬಿಗಿದು ಭಾವನೆ ಕಾಣಿಸುವುದಿಲ್ಲ, ದನಿ ಇಳಿಯುತ್ತದೆ, ಅಕ್ಷರ ಚಿಕ್ಕದಾಗುತ್ತಾ ಹೋಗುತ್ತದೆ. ಮುಖ ನೋಡಿದವರು ‘ಮಂಕಾಗಿದ್ದಾರೆ’ ಎಂದು ತೀರ್ಮಾನಿಸುತ್ತಾರೆ. ಬ್ಯಾಂಕಿನಲ್ಲಿ ಸಹಿ ಹೊಂದುವುದಿಲ್ಲ ಎಂದು ಫಾರಂ ವಾಪಸು ಬಂದರೆ, ಅಲ್ಲಿದ್ದವರೆಲ್ಲ ಅಜ್ಜನಿಗೆ ಅರಳುಮರಳು ಎಂದುಕೊಳ್ಳುತ್ತಾರೆ. ಸಹಿ ಮಾಡಲಾರದ ವೃದ್ಧರು, ರೋಗಿಗಳು ಇಬ್ಬರು ಸಾಕ್ಷಿಗಳ ಮುಂದೆ ಹೆಬ್ಬೆಟ್ಟು ಒತ್ತಿ ಹಣ ತೆಗೆಯಬಹುದು. ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು ಎಂದು ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ಕೌಂಟರಿನಲ್ಲಿ ಇದನ್ನು ನೆನಪಿಸಿದರೆ ತಪ್ಪಿಲ್ಲ. ಹೀಗೆ ಕೈಯ ತಪ್ಪನ್ನು ತಲೆಗೆ, ತಲೆಯ ತಪ್ಪನ್ನು ಕೈಗೆ ಹೊರಿಸುತ್ತಾ ಎರಡಕ್ಕೂ ಸರಿಯಾದ ಚಿಕಿತ್ಸೆ ಸಿಗದೆ ವರ್ಷಗಳು ಹೋಗುತ್ತವೆ.

ಇನ್ನೊಂದು, ಯೋಚನೆಯ ನಿಧಾನ. ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿರುತ್ತದೆ, ಬರಲು ಹೊತ್ತು ಹಿಡಿಯುತ್ತದೆ. ಸುಳಿವು ಕೊಟ್ಟರೆ ಮರೆತಂತಿದ್ದ ಹೆಸರೂ ಹೊರಬರುತ್ತದೆ. ಅಲ್ಜೈಮರ್ ಕಾಯಿಲೆಯಲ್ಲಿ ಸುಳಿವು ಕೊಟ್ಟರೂ ಬಹಳ ಸಲ ಪ್ರಯೋಜನವಾಗುವುದಿಲ್ಲ, ಏಕೆಂದರೆ ಅಲ್ಲಿ ನೆನಪು ದಾಖಲಾಗಿಯೇ ಇರುವುದಿಲ್ಲ. ಇಲ್ಲಿ ದಾಖಲೆ ಇದೆ, ತೆಗೆಯುವುದು ತಡ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ತಂದೆತಾಯಿಯ ಮಾತು ಕೇಳಬೇಕೆಂದು ಅಶೋಕ ಕೊರೆಸಿಟ್ಟಿದ್ದಾನೆ, ಬಿ. ಎಲ್. ರೈಸ್ 1892ರಲ್ಲಿ ಅವನ್ನು ಬೆಳಕಿಗೆ ತಂದರು. ಅದೇ ಊರುಗಳಲ್ಲಿ ಈಗ ಅಪ್ಪ ಒಂದು ವಾಕ್ಯ ಮುಗಿಸುವ ಮೊದಲೇ ಮಗ ಅದನ್ನು ಪೂರ್ತಿ ಮಾಡಿಬಿಡುತ್ತಾನೆ. ಡಾಕ್ಟರ ಮುಂದೆಯೂ ಹಾಗೇ. ‘ಊಟ ಸೇರುತ್ತಾ?’ ಎಂದು ರೋಗಿಯನ್ನು ಕೇಳಿದರೆ ಉತ್ತರ ಮೂರು ದಿಕ್ಕಿನಿಂದ ಬರುತ್ತದೆ, ರೋಗಿಯಿಂದ ಮಾತ್ರ ಬರುವುದಿಲ್ಲ.

ಮೆದುಳಿನೊಳಗೆ ಆಗುವುದು ಇಷ್ಟು. ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನು ನರಕೋಶಗಳೊಳಗೆ ಗಂಟುಗಟ್ಟುತ್ತದೆ. ಈ ಗಂಟುಗಳನ್ನು 1912ರಲ್ಲಿ ಮೊದಲು ವರ್ಣಿಸಿದ ಫ್ರೆಡ್ರಿಕ್ ಲೆವಿ ಅವರ ಹೆಸರಿನಿಂದಲೇ ಇವು ಲೆವಿ ಕಾಯಗಳು. ಡೋಪಮಿನ್ ತಯಾರಿಸುವ ಕೋಶಗಳು ಸಾಯುವುದರಿಂದ ಕೈಕಾಲು ನಿಧಾನವಾಗುತ್ತವೆ. ಯೋಜನೆ ಹಾಕುವ, ಗಮನ ಹೊರಳಿಸುವ ಹಣೆಯ ಭಾಗದ ಮೆದುಳಿಗೂ ಅದೇ ಡೋಪಮಿನ್ ಬೇಕು, ಹಾಗಾಗಿ ಅಲ್ಲೂ ಕೊರತೆ ತಾಗುತ್ತದೆ. ಅಷ್ಟೇ ಆಗಿದ್ದರೆ ಡೋಪಮಿನ್ ತುಂಬಿಕೊಡುವ ಲೆವೊಡೋಪ ಮಾತ್ರೆ ಎರಡನ್ನೂ ಸರಿಮಾಡಿಬಿಡುತ್ತಿತ್ತು. ಆದರೆ ಅಸಿಟೈಲ್‌ಕೋಲಿನ್, ನಾರ್‌ಅಡ್ರಿನಲಿನ್ ಎಂಬ ಬೇರೆ ರಾಸಾಯನಿಕಗಳ ಕೋಶಗಳೂ ನಶಿಸುತ್ತವೆ. ಗಮನಕ್ಕೂ ನೆನಪಿಗೂ ಅಸಿಟೈಲ್‌ಕೋಲಿನ್ ಬಹಳ ಮುಖ್ಯ. ಲೆವೊಡೋಪ ಅದನ್ನು ತುಂಬಿಕೊಡಲಾರದು. ನಡುಕವೇ ಮುಖ್ಯವಾಗಿರುವ ರೋಗಿಗಳಿಗಿಂತ ನಡಿಗೆ ಎಡವುವ, ತೂಕ ತಪ್ಪಿ ಬೀಳುವ ರೋಗಿಗಳಲ್ಲಿ ಬುದ್ಧಿಯ ಕುಂದು ಹೆಚ್ಚು. ನಾವು ನೋಡುತ್ತಾ ಕೂರುವುದು ನಡುಕವನ್ನು!

ಇಲ್ಲಿಂದ ಔಷಧದ ಮಾತಿಗೆ ಬರಬೇಕು, ಏಕೆಂದರೆ ಸರಿಪಡಿಸಬಹುದಾದ ಸಂಗತಿ ಹೆಚ್ಚಿರುವುದು ಇಲ್ಲೇ. ನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್ ಎಂಬ ಹಳೆಯ ಮಾತ್ರೆ ಇದೆ. ಪ್ಯಾಸಿಟೇನ್ ಎಂದರೆ ಮೆಡಿಕಲ್ ಸ್ಟೋರಿನವರಿಗೆ ಗೊತ್ತು. ಅಗ್ಗ, ನಡುಕಕ್ಕೆ ಕೆಲಸವನ್ನೂ ಮಾಡುತ್ತದೆ. ಆದರೆ ಅದು ಕೆಲಸ ಮಾಡುವುದೇ ಅಸಿಟೈಲ್‌ಕೋಲಿನ್ನನ್ನು ತಡೆಯುವ ಮೂಲಕ. ಮೊದಲೇ ಅದು ಕಡಿಮೆ ಇರುವ ವಯಸ್ಸಾದ ರೋಗಿಗೆ ಕೊಟ್ಟರೆ ಮರೆವು, ಗಲಿಬಿಲಿ, ಮಲಬದ್ಧತೆ, ಮೂತ್ರ ಕಟ್ಟುವುದು ಎಲ್ಲ ಬರಬಹುದು. ಹತ್ತು ವರ್ಷದ ಹಿಂದೆ ಯಾರೋ ಬರೆದುಕೊಟ್ಟ ಚೀಟಿಯನ್ನೇ ತೋರಿಸಿ ಈಗಲೂ ಅದನ್ನು ತಂದು ನುಂಗುವವರಿದ್ದಾರೆ. ನೆಗಡಿಗೆ, ತುರಿಕೆಗೆ, ನಿದ್ದೆಗೆ ಕೊಡುವ ಕೆಲವು ಹಳೆಯ ಮಾತ್ರೆ-ಸಿರಪ್‌ಗಳೂ ಇದೇ ಜಾತಿಗೆ ಸೇರಿದವು. ಹಾಗೆಂದು ಇದನ್ನು ಓದಿ ನಾಳೆಯೇ ಮಾತ್ರೆ ನಿಲ್ಲಿಸಬಾರದು. ಥಟ್ಟನೆ ನಿಲ್ಲಿಸಿದರೆ ಕಾಯಿಲೆ ಕೆರಳುತ್ತದೆ. ನಿಧಾನಕ್ಕೆ ಇಳಿಸಬೇಕು, ಇಳಿಸುವವರು ಡಾಕ್ಟರೇ ಆಗಿರಬೇಕು.

ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಫ್ಲೂನರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಇವುಗಳದ್ದು ಇನ್ನೊಂದು ಕಥೆ. ಇವು ಡೋಪಮಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ. ಕಾಯಿಲೆ ಇಲ್ಲದವರಿಗೂ ತಿಂಗಳುಗಟ್ಟಲೆ ಕೊಟ್ಟರೆ ಪಾರ್ಕಿನ್‌ಸನ್‌ನಂತೆಯೇ ನಡುಕ, ಬಿಗಿತ ತರಬಲ್ಲವು, ಇದ್ದವರಿಗೆ ಹೆಚ್ಚಿಸುತ್ತವೆ. ‘ತಲೆ ತಿರುಗುತ್ತೆ’ ಎಂದು ಹೇಳಿ ತಂದ ಮಾತ್ರೆ ವರ್ಷಗಟ್ಟಲೆ ಮನೆಯ ಗೂಡಿನಲ್ಲಿ ಉಳಿದುಬಿಡುವುದು ನಮ್ಮಲ್ಲಿ ಹೊಸದಲ್ಲ. ಅದರ ಜೊತೆಗೆ ನಸುಗುನ್ನಿ ಬೀಜದ ಪುಡಿ ತಿನ್ನುವವರೂ ಇದ್ದಾರೆ. ಈ ಬೀಜದಲ್ಲಿ ಲೆವೊಡೋಪ ಇದೆ ಎಂಬುದು ನಿಜ. ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲೇ ಅದನ್ನು ಬೇರ್ಪಡಿಸಿ ತೋರಿಸಿದ್ದರು. ಔಷಧ ನಿಜವಾದ್ದರಿಂದಲೇ ಎಚ್ಚರ ಬೇಕು. ಡಾಕ್ಟರಿಗೆ ಹೇಳದೆ ಮಾತ್ರೆಯ ಮೇಲೆ ಪುಡಿಯನ್ನೂ ಸೇರಿಸಿದರೆ ಪ್ರಮಾಣ ಮಿತಿ ಮೀರುತ್ತದೆ, ಇಲ್ಲದ್ದು ಕಾಣುವುದು, ಗಲಿಬಿಲಿ ಆಗುವುದು ಶುರುವಾಗುತ್ತದೆ.

ಇಲ್ಲದ್ದು ಕಾಣುವುದು ಮೊದಮೊದಲು ಬಹಳ ಸಣ್ಣದಾಗಿರುತ್ತದೆ. ಬೆನ್ನ ಹಿಂದೆ ಯಾರೋ ನಿಂತ ಹಾಗೆ ಅನಿಸುವುದು, ಗೋಡೆಯ ಪಕ್ಕ ಬೆಕ್ಕು ಸರಿದ ಹಾಗೆ ಕಾಣುವುದು, ನೇತುಹಾಕಿದ ಕಂಬಳಿ ಮನುಷ್ಯನಂತೆ ತೋರುವುದು. ಮನೆಯವರು ಗಾಳಿ ಸೋಕಿದೆ ಎಂದು ದೇವರು ಕೇಳಿಸಲು ಹೋಗುತ್ತಾರೆ. ಹೋಗಲಿ, ಅದೇ ದಾರಿಯಲ್ಲಿ ಡಾಕ್ಟರಿಗೂ ಒಂದು ಮಾತು ಹೇಳಿ ಬರಲಿ. ಇದನ್ನು ರೋಗಿ ತಾನಾಗಿ ಹೇಳುವುದಿಲ್ಲ, ಹುಚ್ಚು ಎಂದಾರು ಎಂಬ ಅಳುಕು. ನಿದ್ದೆಯಲ್ಲಿ ಕೂಗಾಡುವುದು, ಒದೆಯುವುದು ಕೂಡ ಇದೇ ಕಾಯಿಲೆಯ ಭಾಗ. ಎಷ್ಟೋ ಸಲ ನಡುಕಕ್ಕಿಂತ ವರ್ಷಗಳ ಮೊದಲೇ ಬಂದಿರುತ್ತದೆ. ಆದರೆ ಒಂದು ವ್ಯತ್ಯಾಸ ಮರೆಯಬಾರದು. ನಾನು ಹೇಳುತ್ತಿರುವ ಕುಂದು ತಿಂಗಳು, ವರ್ಷಗಳಲ್ಲಿ ಮೆಲ್ಲಗೆ ಬರುವುದು. ನಿನ್ನೆ ಸರಿ ಇದ್ದವರು ಇವತ್ತು ಗಲಿಬಿಲಿಗೊಂಡರೆ ಅದು ಮೂತ್ರದ ಸೋಂಕೋ, ನೀರಿನ ಕೊರತೆಯೋ, ಹೊಸ ಮಾತ್ರೆಯೋ ಆಗಿರಬಹುದು. ಏಪ್ರಿಲ್ ಬಿಸಿಲಿನ ಚಳ್ಳಕೆರೆಯಲ್ಲಿ, ಪದೇ ಪದೇ ಮೂತ್ರಕ್ಕೆ ಎದ್ದೇಳುವುದು ಕಷ್ಟವೆಂದು ನೀರನ್ನೇ ಕಡಿಮೆ ಮಾಡುವ ಮುದುಕರಿಗೆ ಇದು ಸುಲಭವಾಗಿ ಆಗುತ್ತದೆ. ಆವತ್ತೇ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಬೇಕು.

ಪರೀಕ್ಷೆಯ ವಿಷಯದಲ್ಲಿ ನನಗೊಂದು ತಕರಾರಿದೆ. ಜಗತ್ತಿನಲ್ಲೆಲ್ಲ ಬಳಕೆಯಲ್ಲಿರುವ ಮಾಂಟ್ರಿಯಲ್ ಪರೀಕ್ಷೆ 2005ರದ್ದು, ಒಟ್ಟು 30 ಅಂಕ. ಘನಾಕೃತಿಯನ್ನು ನೋಡಿ ಬಿಡಿಸಬೇಕು, ಗಡಿಯಾರ ಬರೆದು ಮುಳ್ಳು ಇಡಬೇಕು, ನೂರರಿಂದ ಏಳೇಳು ಕಳೆಯಬೇಕು. ಇಪ್ಪತ್ತಾರಕ್ಕಿಂತ ಕಡಿಮೆ ಬಂದರೆ ಅನುಮಾನ. ಶಾಲೆಯ ಮೆಟ್ಟಿಲು ಹತ್ತದ, ಪೆನ್ಸಿಲ್ಲನ್ನೇ ಹಿಡಿಯದ ಕುರಿಗಾಹಿ ಇದರಲ್ಲಿ ಆರೋಗ್ಯವಾಗಿದ್ದರೂ ಸೋಲುತ್ತಾನೆ. ಹರಿಯಾಣದ ಬಲ್ಲಭಗಡದ ಹಳ್ಳಿಗಳಲ್ಲಿ ಕೆಲಸ ಮಾಡಿದವರಿಗೆ ಇದೇ ಕಷ್ಟ ಎದುರಾಗಿ, ಅನಕ್ಷರಸ್ಥರಿಗೂ ಹೊಂದುವ ಹಿಂದಿ ಪರೀಕ್ಷೆಯೊಂದನ್ನು 1995ರಲ್ಲಿ ರೂಪಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಈಚೆಗೆ ಕನ್ನಡ, ತೆಲುಗು ಸೇರಿದಂತೆ ಐದು ಭಾಷೆಗಳಲ್ಲಿ ಪರೀಕ್ಷೆಗಳನ್ನು ಸಿದ್ಧಪಡಿಸಿದೆ. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡುವ ಮೊಳಕಾಲ್ಮುರಿನವರಿಗೆ ಯಾವ ಭಾಷೆಯಲ್ಲಿ ಕೇಳಬೇಕು ಎಂಬುದೂ ಮುಖ್ಯ. ಕೇಳುವವರು ಅದನ್ನು ಮೊದಲು ವಿಚಾರಿಸಬೇಕು. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಎರಡನೇ ಆವರಣ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೆದುಳು ಸಂಶೋಧನಾ ಕೇಂದ್ರವಿದೆ. ಅದು 2018ರಿಂದ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳ ಜನರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ ವೃದ್ಧಾಪ್ಯದ ಬುದ್ಧಿಶಕ್ತಿಯನ್ನು ಅಧ್ಯಯನ ಮಾಡುತ್ತಿದೆ. ಅಲ್ಲೂ ಕನ್ನಡ-ತೆಲುಗು ಬೆರೆತ ಊರುಗಳೇ. ಕುದಾಪುರದ ಸುತ್ತಲೂ ಅಂಥದ್ದೊಂದು ಆಗಬಾರದೇಕೆ ಎಂದು ಕೇಳುವುದು ದುರಾಸೆಯೇನಲ್ಲ.

ಅಲ್ಲಿಯವರೆಗೆ ರೋಗಿಗೆ ಅವರೇ ಅಳತೆಗೋಲು. ಎರಡು ವರ್ಷದ ಹಿಂದೆ ಏನು ಮಾಡುತ್ತಿದ್ದರು, ಈಗ ಅದರಲ್ಲಿ ಯಾವ ಹೆಜ್ಜೆ ತಪ್ಪುತ್ತಿದೆ? ಮಗ್ಗ, ರೊಪ್ಪ, ಅಂಗಡಿ, ಒಲೆ ಇವುಗಳ ಮುಂದೆ ಕಂಡದ್ದನ್ನು ಬರೆದುಕೊಂಡು ಹೋದರೆ ಅದು ಯಾವ ಅಂಕಕ್ಕಿಂತಲೂ ಹೆಚ್ಚು ಹೇಳುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ನರರೋಗ ತಜ್ಞರನ್ನು ನಿರೀಕ್ಷಿಸುವಂತಿಲ್ಲ. ಆದರೆ ಥೈರಾಯ್ಡ್, ವಿಟಮಿನ್ ಬಿ12, ನಿಂತಾಗ ಬಿ.ಪಿ. ಇಳಿಯುವುದು, ಕಿವಿ ಮಂದವಾಗಿರುವುದು, ಖಿನ್ನತೆ ಇವನ್ನೆಲ್ಲ ಅಲ್ಲೇ ನೋಡಬಹುದು. ಇವುಗಳಲ್ಲಿ ಯಾವುದಾದರೂ ಬುದ್ಧಿಯನ್ನು ಮಂಕು ಮಾಡಬಲ್ಲದು, ಎಲ್ಲದಕ್ಕೂ ಮದ್ದಿದೆ. ಸಾಮಾನ್ಯ ವೈದ್ಯರಿಗೆ ತರಬೇತಿ ಕೊಟ್ಟು ಜಿಲ್ಲೆಯಲ್ಲೇ ಮನೋರೋಗ ಚಿಕಿತ್ಸೆ ಕೊಡಬಹುದು ಎಂದು 1985ರಲ್ಲಿ ಇಡೀ ದೇಶಕ್ಕೆ ತೋರಿಸಿದ್ದು ಪಕ್ಕದ ಬಳ್ಳಾರಿ ಜಿಲ್ಲೆಯೇ. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ 2022ರಲ್ಲಿ ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಶುರುಮಾಡಿದ ಮೆದುಳು ಆರೋಗ್ಯ ಕಾರ್ಯಕ್ರಮವೂ ಬೇರೆ ಜಿಲ್ಲಾಸ್ಪತ್ರೆಗಳ ಕಡೆ ಹರಡುತ್ತಿದೆ. ಚಿತ್ರದುರ್ಗದಲ್ಲಿ ಅದನ್ನು ವಿಚಾರಿಸಿ ನೋಡಿ.

ಈ ಸೌಮ್ಯ ಕುಂದಿಗೆಂದೇ ಕೆಲಸ ಮಾಡುತ್ತದೆ ಎಂದು ಸಾಬೀತಾದ ಮಾತ್ರೆ ಸದ್ಯಕ್ಕಿಲ್ಲ. ರಿವಾಸ್ಟಿಗ್ಮಿನ್ ಎಂಬುದಕ್ಕೆ ಮಾನ್ಯತೆ ಇರುವುದು ಪಾರ್ಕಿನ್‌ಸನ್‌ನ ಡಿಮೆನ್ಷಿಯಾಗೆ. ದಿನವೂ ಮೈ ಬೆವರುವಷ್ಟು ನಡೆಯುವುದು ಒಳ್ಳೆಯದು, ಬಿದ್ದುಬಿಡದಂತೆ ಜೊತೆಗೊಬ್ಬರು ಇರಲಿ. ನಡೆಯುವಾಗ ಮಾತಿಗೆ ಎಳೆಯಬೇಡಿ. ಕೆಲಸ ಬಿಡಿಸುವುದಕ್ಕಿಂತ ಬಿಡಿಬಿಡಿಯಾಗಿ ಹಂಚಿಕೊಡುವುದು ಮೇಲು. ಬುಟ್ಟಾದ ಸೀರೆ ಕಷ್ಟವಾದರೆ ಸಾದಾ ಒಡಲು ನೇಯಲಿ, ಎಣಿಕೆ ಬರೆದ ಚೀಟಿ ಮಗ್ಗದ ಪಕ್ಕ ನೇತಾಡಲಿ. ಕುಂದು ಇದೆ ಎಂದಾಕ್ಷಣ ಮುಂದೆ ಡಿಮೆನ್ಷಿಯಾ ಗ್ಯಾರಂಟಿ ಎಂದಲ್ಲ. ಅಪಾಯ ಹೆಚ್ಚು ಎನ್ನುವುದು ನಿಜ, ಆದರೆ ಮರುವರ್ಷ ಪರೀಕ್ಷಿಸಿದಾಗ ಮಾಮೂಲಿಗೆ ಮರಳಿದವರೂ ಇದ್ದಾರೆ. ಹಾಗಾಗಿ ಒಂದೇ ಸಲದ ಪರೀಕ್ಷೆಯನ್ನು ನಂಬಬೇಡಿ.

ಪರೀಕ್ಷೆಯ ಹೊತ್ತನ್ನೂ ನೋಡಿಕೊಳ್ಳಿ. ರಾತ್ರಿ ಬಸ್ಸು ಹತ್ತಿ, ನಿದ್ದೆಗೆಟ್ಟು, ಬೆಳಗ್ಗೆ ಬೆಂಗಳೂರಿನಲ್ಲಿ ಇಳಿದು, ‘ರಕ್ತ ಕೊಡಬೇಕು, ಏನೂ ತಗೊಳ್ಳೋ ಹಾಗಿಲ್ಲ’ ಎಂದು ಲೆವೊಡೋಪ ಮಾತ್ರೆಯನ್ನೂ ಬಿಟ್ಟು ಸಾಲಿನಲ್ಲಿ ಕೂತವರು ಅಂದು ಯಾವ ಪ್ರಶ್ನೆಗೂ ತಮ್ಮ ನಿಜವಾದ ಉತ್ತರ ಕೊಡಲಾರರು. ಖಾಲಿ ಹೊಟ್ಟೆ ಎಂದರೆ ಈ ಮಾತ್ರೆಯನ್ನೂ ಬಿಡಬೇಕೇ ಎಂದು ಮೊದಲೇ ಕೇಳಿಕೊಳ್ಳಿ. ಸಾಮಾನ್ಯವಾಗಿ ನೀರಿನ ಜೊತೆ ಮಾತ್ರೆ ನುಂಗಲು ಅಡ್ಡಿ ಇರುವುದಿಲ್ಲ. ಮಾತ್ರೆ ಕೆಲಸ ಮಾಡಿ ಕೈಕಾಲು ಸಡಿಲಾದ ಹೊತ್ತಿನಲ್ಲಿ ಪರೀಕ್ಷೆ ಮಾಡಿ ಎಂದು ಕೇಳುವ ಹಕ್ಕು ನಿಮಗಿದೆ.